ವೇಬಿಲ್ಲಿನ ಹಿಂಬದಿ

ಬೀದರ-ಹುಮನಾಬಾದ ಗಾಡಿಯಲ್ಲಿ ಹನ್ನೊಂದು ವರ್ಷ,
ತಲೆ ಎಣಿಸುವುದು ನನ್ನ ಕಸುಬು.
ಕಿಟಕಿಯಾಚೆ ತಂತಿಯ ಮೇಲೆ ಕೂತವರನ್ನೂ
ಬಿಟ್ಟವನಲ್ಲ:
ನೀಲಕಂಠ ಎರಡು, ಕಳ್ಳಿಪೀರ ಏಳು,
ಟಿಕೀಟಿಲ್ಲದ ಪ್ರಯಾಣಿಕರು.

ಯೂನುಸ ಭಾಯಿಗೆ ಒಂದು ಆರ್ಡರು ಬಂದಿತ್ತು.
ಕಲಬುರಗಿಯ ಹಲ್ಲಿನ ಡಾಕ್ಟರು, ಡಿಸೆಂಬರಿನಲ್ಲಿ
ಹನ್ನೆರಡು ದಿನ ಆಫ್ರಿಕಾ ತಿರುಗಿ ಬಂದವರು,
ಮುನ್ನೂರ ನಲವತ್ತು ಜಾತಿ ನೋಡಿದೆ ಎನ್ನುತ್ತ
ಬಿದರಿ ಅಂಗಡಿಯಲ್ಲಿ ಫೋನು ತೆರೆದರು:
ಕಾಡಿನ ಕತ್ತಲಲ್ಲಿ ಕೆಂಪು ಬಾಲ ಒಂದು,
ತಲೆಗೆ ಬಂಗಾರದ ಕಸಬರಿಗೆ ಕಟ್ಟಿಕೊಂಡ ಕೊಕ್ಕರೆ,
ಕಾಡೆಮ್ಮೆಯ ಬೆನ್ನನ್ನೇ ಕಟ್ಟೆ ಮಾಡಿಕೊಂಡ ಇನ್ನೊಂದು.
ಹುಕ್ಕಾದ ಮೇಲೆ ಇವೆಲ್ಲ ಬರಬೇಕು, ಅಂದರು.

ಭಾಯಿ ಕನ್ನಡಕ ಏರಿಸಿ
ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ
ಒಂದೇ ಮಾತು ಕೇಳಿದ:
'ಸಾಬ್, ಇವುಗಳ ಕಾಲು ಎಲ್ಲಿ ಅವ?'
ಹುಲ್ಲಲ್ಲಿ ಮುಚ್ಚಿದ್ದವು. ಎಲೆಯಲ್ಲಿ. ಎಮ್ಮೆಯ ಕೂದಲಲ್ಲಿ.

ಕೊನೆಯ ಚಿತ್ರ ಮಸುಕು.
ಬೂದಿಬಣ್ಣದ ಮೈ, ರೆಕ್ಕೆಯ ತುದಿ ಕಪ್ಪು.
ಇದು ಬೇಡ, ಕೈ ಅಲುಗಿದೆ, ಎಂದರು ಡಾಕ್ಟರು.
ನಾನು ಚಹಾದ ಲೋಟ ಕೆಳಗಿಟ್ಟೆ.
ಇದರ ಅಣ್ಣತಮ್ಮಂದಿರು ನಮ್ಮ ರೂಟಿನವರು!

ಮಂಗಳವಾರ ನನಗೆ ರಜೆ.
ಭಾಯಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟೆ.
ಹಬಸಿಕೋಟೆಯ ಗೋರಿಗಳತ್ತ ಆತ ಸಲಾಮು ಮಾಡಿದ.
'ಇವರೂ ಅಲ್ಲಿಂದಲೇ ಬಂದೋರು.
ವಾಪಸ್ ಟಿಕೀಟು ಯಾರೂ ಕೊಡಲಿಲ್ಲ ನೋಡು.'
ಕಂಡಕ್ಟರನ ಬೆನ್ನಿಗೆ ಈ ಮಾತು ಆಡಬಾರದಿತ್ತು.
ಊರು ದಾಟುವತನಕ ನಾನು ಸುಮ್ಮನಿದ್ದೆ.

ಹೊನ್ನಿಕೇರಿಯ ಆಚೆ ಮುರಕಲ್ಲಿನ ಬಯಲು.
ತೊಗರಿ ಕೊಯ್ದಾಗಿದೆ, ಕರಡ ಮೊಣಕಾಲೆತ್ತರ.
ಎಳ್ಳಮಾಸಿಗೆ ಬಡಿದು ಉಳಿದ ಸಜ್ಜೆ ರೊಟ್ಟಿ,
ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.
ಬದುವಿನ ಹಿಂದೆ ಕೂತೆವು.
ಥಂಡಿ ಕಿವಿಯೊಳಗೆ ಸೂಜಿ ಪೋಣಿಸುತ್ತಿತ್ತು.
ಭಾಯಿಗೆ ಬೀಡಿ ಬೇಕಿತ್ತು, ನಾನು ಬ್ಯಾಡ ಅಂದೆ.

ಹೊತ್ತು ಮುಳುಗಿದ ಮೇಲೆ ಮೊದಲನೆಯದು.
ರೆಕ್ಕೆ ಬಡಿಯದೆ, ಹುಲ್ಲಿಗೆ ಎದೆ ತಾಗುವಷ್ಟು ಕೆಳಗೆ,
ಬೀಳಿಸಿಕೊಂಡ ಬೀಗದಕೈ ಹುಡುಕುವವರಂತೆ
ಅತ್ತ ವಾಲಿ ಇತ್ತ ವಾಲಿ ಬಂತು ಸೆಳೆವ.
ಆಮೇಲೆ ಮೂರು. ಆಮೇಲೆ ಎಣಿಸಲಾಗದಷ್ಟು.
ಎಣಿಸಿದೆ.

ಭಾಯಿ ನನ್ನ ತೋಳು ಹಿಡಿದ.
'ಬೆಳ್ಳಿ,' ಅಂದ. 'ಅಪ್ಪಟ ಬೆಳ್ಳಿ.
ಕೋಟೆ ಮಣ್ಣಿಗೆ ನವಸಾಗರ ಹಾಕಿ ಕುದಿಸಿ
ರೆಕ್ಕೆ ತುದಿ ಅಷ್ಟೇ ಅದ್ದಿ ತೆಗೆದಾರ ಯಾರೋ.'
ನಲವತ್ತು ವರ್ಷ ಉಳಿ ಹಿಡಿದ ಕೈ
ಗಾಳಿಯಲ್ಲಿ ಗೆರೆ ಕೊರೆಯುತ್ತ ಹಿಂದೆ ಹೋಯಿತು,
ಹಕ್ಕಿ ವಾಲಿದಲ್ಲಿ ವಾಲಿ.

ಎಲ್ಲೋ ಬಡಗಣ ಹುಲ್ಲುನಾಡಿನಲ್ಲಿ ಹುಟ್ಟಿ
ಚಳಿ ಬಿದ್ದೊಡನೆ ಕೆಲವು ಆಫ್ರಿಕಾಕ್ಕೆ, ಕೆಲವು ಇಲ್ಲಿಗೆ.
ಅರಣ್ಯ ಇಲಾಖೆಯ ಹುಡುಗ ಹೇಳಿದ್ದು ಇಷ್ಟು.
ಯಾವ ಕ್ರಾಸಿನಲ್ಲಿ ಬೋರ್ಡು ನೋಡಿ ತಿರುಗುತ್ತವೋ
ಅವನಿಗೂ ಗೊತ್ತಿಲ್ಲ.

ಒಂದೊಂದೇ ಹುಲ್ಲಿಗಿಳಿದು ಆರಿದವು.
ವೇಬಿಲ್ಲಿನ ಹಿಂಬದಿ ಬರೆದೆ: ನಲವತ್ತೊಂದು.
ಕೊನೆಯದು ಹಕ್ಕಿಯೋ ಕತ್ತಲೋ, ಆಣೆ ಮಾಡಲಾರೆ.
'ಕಾಲು ಕಂಡವೇನು?'
'ಹುಲ್ಲು ಕಂಡ್ತು,' ಅಂದ ಭಾಯಿ, ಬೀಡಿ ಹಚ್ಚಿ.

ಹುಕ್ಕಾ ಮುಗಿಯುವಾಗ ಫೆಬ್ರವರಿ ಅರ್ಧ ಕಳೆದಿತ್ತು.
ಕೊಕ್ಕರೆ ಬಂದಿದೆ, ಎಮ್ಮೆ ಬಂದಿದೆ,
ಕೆಂಪು ಬಾಲವೂ ಬೆಳ್ಳಿಯಾಗಿ ಬಂದಿದೆ,
ಎಲ್ಲರ ಕಾಲೂ ಮುಚ್ಚುವಷ್ಟು ಹುಲ್ಲು
ತಾರು ತಾರಾಗಿ ಹೊಟ್ಟೆಯ ಸುತ್ತ.
ತಳದಲ್ಲಿ, ಯಾರೂ ಮಗುಚಿ ನೋಡದ ಕಡೆ,
ಉಗುರಿನಗಲ ಒಂದು ಸೆಳೆವ.

ಡಬ್ಬಿ ನನ್ನ ಗಾಡಿಯಲ್ಲೇ ಹುಮನಾಬಾದಿಗೆ ಹೋಯಿತು.
ಲಗೇಜು ಎಂದು ಒತ್ತಿ ಟಿಕೀಟು ಹರಿದೆ.
ಕೋಳಿಗೂ ಚಾರ್ಜು ಹಾಕುವ ಕಂಡಕ್ಟರು ನಾನು,
ಆ ಒಂದು ಹಕ್ಕಿಯದು ಹಾಕಲಿಲ್ಲ.